ಕೆಂಪು ದಾರದ ರೊಟ್ಟಿ

“ನನ್ನ ರೊಟ್ಟಿ ಲಗೂ ಕೊಡ್ರಿ, ಗಾಡಿ ಬಿಡ್ತದ!” ಎಂದು ಗಿರಾಕಿಯೊಬ್ಬ ಏದುಸಿರು ಬಿಡುತ್ತ ಬಂದಾಗ, ವಾಡಿ ನಿಲ್ದಾಣದ ಎದುರಿನ ನಮ್ಮ ಅಂಗಡಿಯಲ್ಲಿ ಜೋಳದ ರೊಟ್ಟಿಯ ಬುಟ್ಟಿ ಬರಿದಾಗಿತ್ತು. ಚಿಕಿತ್ಸೆಗೆಂದು ಸೊಲ್ಲಾಪುರಕ್ಕೆ ಕರೆದೊಯ್ಯುತ್ತಿದ್ದ ತಂದೆಗಾಗಿ ಆತ ಬೆಳಿಗ್ಗೆಯೇ ವಾಟ್ಸ್ಆ್ಯಪ್‌ನಲ್ಲಿ ಒಂದು ಕಟ್ಟು ಹೇಳಿದ್ದನಂತೆ. ಆರ್ಡರ್ ಒಪ್ಪಿಕೊಂಡ ನನ್ನ ಹೆಂಡತಿ ನನಗೆ ಹೇಳಿರಲಿಲ್ಲ. ನಾನೂ ಕೇಳದೆ, ಉಳಿದಿದ್ದ ಒಂದೇ ಕಟ್ಟನ್ನು ಆಗಷ್ಟೇ ಹೂ ಮಾರುವ ಶರಣಮ್ಮನವರಿಗೆ ಕೊಟ್ಟಿದ್ದೆ.

ಗಿರಾಕಿಯ ಎದುರೇ ನಮ್ಮಿಬ್ಬರ ಜಗಳ ಶುರುವಾಯಿತು. ಮೆಟ್ಟಿಲಿಳಿಯುತ್ತಿದ್ದ ಶರಣಮ್ಮ ತಿರುಗಿ ಬಂದು ತಮ್ಮ ಕಟ್ಟನ್ನು ಆತನ ಕೈಗಿಟ್ಟರು. “ನಮ್ಮನಿ ಇಲ್ಲೇ ಅದ, ಒಲಿ ಹಚ್ತೀನಿ. ನೀ ಓಡಪ್ಪಾ.”

ಆತ ಓಡಿದ ಮೇಲೆ ನಮ್ಮತ್ತ ನೋಡಿದರು. “ಮದ್ಲೇ ಹೇಳಿಟ್ಟ ಹಾರಕ್ಕ ನಾ ಕೆಂಪು ದಾರ ಕಟ್ಟಿಡ್ತೀನ್ರಿ. ಅದನ್ನ ನನ್ನ ಸೊಸಿನೂ ಮಾರಂಗಿಲ್ಲ. ನೀವೂ ಕಟ್ರಿ.”

ಈಗ ಫೋನಿನಲ್ಲಿ ಹೇಳಿದ ಕಟ್ಟುಗಳಿಗೆಲ್ಲ ಹೆಂಡತಿ ಕೆಂಪು ದಾರ ಸುತ್ತುತ್ತಾಳೆ. ಅವನ್ನು ನಾನು ಮುಟ್ಟುವುದಿಲ್ಲ. ಶರಣಮ್ಮ ಇವತ್ತಿನವರೆಗೂ ಫೋನ್ ಮಾಡಿ ರೊಟ್ಟಿ ಹೇಳಿದವರಲ್ಲ. ಆದರೂ ದಿನದ ಮೊದಲ ದಾರ ಅವರ ಕಟ್ಟಿಗೇ.