ಎರಡನೇ ಹಾಳೆ

ವಿನೋದಿನಿಗೆ ಇಂಗ್ಲಿಷ್ ಬರುವುದಿಲ್ಲ. ಕೇಳಿದರೆ ನೀವು ನಗಬಹುದು, ಏಕೆಂದರೆ ಒಂಬತ್ತು ವರ್ಷದಿಂದ ಆಕೆ ಘಾಟ್ಕೋಪರಿನ ಆಫೀಸೊಂದರಲ್ಲಿ ಕೂತು ಟೈಪು ಮಾಡುತ್ತಿರುವುದು ಬರೀ ಇಂಗ್ಲಿಷನ್ನೇ. ಅದೂ ಎಂಥದ್ದು? ನೂರೈವತ್ತು ವರ್ಷದ ಹಿಂದೆ ಅಮೆರಿಕದ ನೌಕಾಪಡೆಯ ಅಧಿಕಾರಿಗಳು ಹಡಗಿನಿಂದ ಬರೆದ ಕಾಗದಗಳು. ಕೋಳಿ ಕೆದರಿದಂಥ ಅಕ್ಷರ. ಅಲ್ಲಿನ ಯಾವುದೋ ಲೈಬ್ರರಿಯವರು ಅವುಗಳ ಫೋಟೋ ಕಳಿಸುತ್ತಾರೆ. ಇಲ್ಲಿ ಇಬ್ಬರು ಒಂದೇ ಪುಟವನ್ನು ಬೇರೆ ಬೇರೆಯಾಗಿ ಟೈಪು ಮಾಡಬೇಕು, ಎರಡೂ ತಾಳೆಯಾದರೆ ಪಾಸು.

ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿಗೇ ಓದು ಮುಗಿಸಿದವಳಿಗೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ಆದರೆ ಮ್ಯಾನೇಜರ್ ಸಂದೀಪನಿಗೆ ಅವಳೆಂದರೆ ಬಂಗಾರ. "ಇಂಗ್ಲಿಷ್ ಬರೋರು ಬುದ್ಧಿವಂತಿಕೆ ತೋರಿಸಿ ತಿದ್ದಿಬಿಡ್ತಾರೆ. ವಿನೋದಿನಿಯಕ್ಕ ಇದ್ದದ್ದನ್ನು ಇದ್ದ ಹಾಗೇ ಹೊಡೀತಾರೆ" ಎಂದು ಹೊಸಬರಿಗೆಲ್ಲ ಹೇಳುತ್ತಿದ್ದ.

ಒಂದು ಸಾಲು ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. 'ಇಟ್ ಈಸ್ ಮೈ ಪೇನ್‌ಫುಲ್ ಡ್ಯೂಟಿ.' ನೋಡಿ ನೋಡಿ ಒಮ್ಮೆ ಸಂದೀಪನನ್ನು ಕೇಳಿದಳು, ಏನಪ್ಪಾ ಇದು? "ಹಡಗಿನಲ್ಲಿ ಯಾರಾದರೂ ತೀರಿಹೋದರೆ ಕ್ಯಾಪ್ಟನ್ ಸತ್ತವರ ಮನೆಗೆ ಬರೆಯೋ ಕಾಗದ ಹೀಗೇ ಶುರು ಆಗೋದು ಅಕ್ಕಾ." ಅಂಥ ಕಾಗದದ ಹಿಂದೆಯೇ ಇನ್ನೊಂದು ಹಾಳೆ ಇರುತ್ತಿತ್ತು, ಸತ್ತವನ ಪೆಟ್ಟಿಗೆಯಲ್ಲಿದ್ದ ಸಾಮಾನಿನ ಪಟ್ಟಿ. ಅಂದಿನಿಂದ ಆ ಸಾಲು ಬಂದಾಗಲೆಲ್ಲ ವಿನೋದಿನಿ ಕೀಲಿಮಣೆಯಿಂದ ಕೈ ತೆಗೆದು ಒಂದು ಗಳಿಗೆ ಸುಮ್ಮನೆ ಕೂರುತ್ತಿದ್ದಳು. ಅವಳ ಗಂಡನೂ ಹಡಗಿನಲ್ಲೇ ಇದ್ದನಲ್ಲ!

ಅಣ್ಣು ಮೊದಲು ದಹಿಸರ್‌ನ ಉಡುಪಿ ಹೋಟೆಲಿನಲ್ಲಿ ಅಡಿಗೆಯವನು. ನಾಲ್ಕು ವರ್ಷದಿಂದ ಸರಕಿನ ಹಡಗಿನಲ್ಲಿ ಕುಕ್. ವಾರಕ್ಕೊಮ್ಮೆಯಾದರೂ ಫೋನು ಮಾಡುವವನು ಇಪ್ಪತ್ತೆರಡು ದಿನದಿಂದ ಮಾಡಿರಲಿಲ್ಲ. ಅವನನ್ನು ಹಡಗಿಗೆ ಸೇರಿಸಿದ ಏಜೆನ್ಸಿಯವರನ್ನು ಕೇಳಿದರೆ ಸಮುದ್ರದಲ್ಲಿ ನೆಟ್‌ವರ್ಕ್ ಇಲ್ಲ, ಅಷ್ಟೆ. ಪುಣ್ಯಾತ್ಮರು ನಿಜ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಆ ಶನಿವಾರ ಸಂಜೆ ಅವಳು ಕುರ್ಲಾದ ಚಾಳಿನ ಮೆಟ್ಟಿಲು ಹತ್ತಿ ಬಂದಾಗ ಕಾಲೇಜಿಗೆ ಹೋಗುವ ಮಗಳು ನಿಶಾ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಕೊರಿಯರಿನ ಕವರು. ಅತ್ತು ಮುಖ ತೊಳೆದುಕೊಂಡ ಕಳೆ.

"ಏಜೆನ್ಸಿಯವರದ್ದು ಅಮ್ಮಾ. ಟೆನ್ಶನ್ ಮತ್ ಲೋ. ಪಪ್ಪಂದು ಶಿಪ್ ಲೇಟ್ ಉಂಟಂತೆ. ಎರಡು ತಿಂಗಳು ಆಗ್ತದಂತೆ."

"ಅಷ್ಟೇಯಾ? ಕೊಡು, ನೋಡುವಾ."

"ನಿಂಗೆ ಇಂಗ್ಲಿಷ್ ಎಲ್ಲಿ ಬರ್ತದೆ ಅಮ್ಮಾ!"

ಕೊಡದಿದ್ದರೆ ಅನುಮಾನ ಬರುತ್ತದೆಂದು ಹುಡುಗಿ ಕೊಟ್ಟೇಬಿಟ್ಟಳು. ವಿನೋದಿನಿ ಹೊಸ್ತಿಲ ಮೇಲೇ ಕೂತು ಕನ್ನಡಕ ಏರಿಸಿ ಕಾಗದ ಬಿಡಿಸಿದಳು. ಮೊದಲ ಸಾಲು. ಅದೇ ಐದು ಶಬ್ದ, ಈ ಸಲ ಅಚ್ಚಿನ ಅಕ್ಷರದಲ್ಲಿ. ಅವಳ ಬೆರಳು ತಾನಾಗಿಯೇ ಕಾಗದದಿಂದ ಮೇಲೆದ್ದು ನಿಂತಿತು. ಎದುರಿಗೆ ಮಗಳು ತುಟಿ ಕಚ್ಚಿಕೊಂಡು, ಅಮ್ಮನಿಗೆ ಇವತ್ತೊಂದು ರಾತ್ರಿಯಾದರೂ ಇದು ಗೊತ್ತಾಗಬಾರದೆಂದು ನಿಂತಿದ್ದಾಳೆ.

"ಎರಡನೇ ಹಾಳೆ ಕೊಡು ಮಗಾ."

"ಯಾವ ಹಾಳೆ? ಒಂದೇ ಉಂಟು."

"ಇಂಥ ಕಾಗದಕ್ಕೆ ಎರಡನೇ ಹಾಳೆ ಇರ್ತದೆ. ಪಟ್ಟಿ."

ನಿಶಾಳಿಗೆ ತಡೆಯಲಾಗಲಿಲ್ಲ. ಬಿಕ್ಕುತ್ತ ಪುಸ್ತಕದ ನಡುವಿನಿಂದ ಮಡಿಸಿಟ್ಟ ಹಾಳೆ ತೆಗೆದಳು. "ಹಾರ್ಟ್ ಅಟ್ಯಾಕ್ ಅಮ್ಮಾ... ನಿದ್ದೆಯಲ್ಲೇ ಅಂತೆ..." ಎನ್ನುತ್ತ ತಾಯಿಯ ಮಡಿಲಲ್ಲಿ ಕುಸಿದಳು. ವಿನೋದಿನಿ ಅವಳ ತಲೆ ಸವರಿದಳು.

"ಓದು. ಇದ್ದದ್ದನ್ನು ಇದ್ದ ಹಾಗೇ ಓದು, ತಿದ್ದಬೇಡ."

"ಶರ್ಟ್ ನಾಲ್ಕು. ಪ್ಯಾಂಟ್ ಮೂರು. ಚಪ್ಪಲ್ ಒಂದು ಜೋಡಿ. ರೇಡಿಯೋ ಒಂದು." ನಿಶಾ ನಿಲ್ಲಿಸಿದಳು.

"ಹೂಂ, ಓದು."

"ಉಪ್ಪಿನಕಾಯಿ ಬಾಟಲ್, ಎರಡು. ಒಂದು ಖಾಲಿ. ಒಂದು... ಓಪನ್ ಮಾಡಿಲ್ಲ."

ಕಳೆದ ಸಲ ಅವನು ಹೊರಡುವಾಗ ಅವಳೇ ಕಟ್ಟಿಕೊಟ್ಟ ಬಾಟಲಿಗಳು. ಎರಡನೆಯದನ್ನು ಈಗಲೇ ಮುಗಿಸಬೇಡಿ, ಮನೆಗೆ ಬರುವ ಹಿಂದಿನ ತಿಂಗಳಿಗೆ ಇಟ್ಟುಕೊಳ್ಳಿ ಎಂದು ಗದರಿದ್ದಳು.

"ಅಯ್ಯೋ ದೇವರೇ, ತಿನ್ನಬಾರದಿತ್ತಾ!" ಎಂದು ಈಗ ವಿನೋದಿನಿ ಹಣೆ ಚಚ್ಚಿಕೊಂಡು ಅತ್ತಳು. "ನನ್ನ ಮಾತು ಯಾವತ್ತೂ ಕೇಳದವರು, ಇದೊಂದನ್ನು ಯಾಕೆ ಕೇಳಿದ್ರು!"