ರೋಲು ಮುಗಿಸಲು ತೆಗೆದ ಫೋಟೋ

ಫೋಟೋ ತೆಗೆಯುವವನಿಗೆ ತಾಳ್ಮೆ ಬೇಕು ಅನ್ನುತ್ತಾರೆ. ನನಗೆ ಅದು ಹುಟ್ಟಿನಿಂದಲೇ ಇಲ್ಲ. ತೊಂಬತ್ತರ ದಶಕದಲ್ಲಿ ಮೂಡಿಗೆರೆಯಲ್ಲಿ ಸಣ್ಣದೊಂದು ಸ್ಟುಡಿಯೋ ಇಟ್ಟುಕೊಂಡಿದ್ದೆ. ಗಿರಾಕಿ ಕನ್ನಡಿ ಮುಂದೆ ತಲೆ ಬಾಚಿಕೊಳ್ಳುವಷ್ಟರಲ್ಲಿ ನಾನು ಎರಡು ಸಲ ರಸ್ತೆಗೆ ಹೋಗಿ ಬಂದಿರುತ್ತಿದ್ದೆ.

ಆಗ ಒಂದು ರೋಲಿಗೆ ಮೂವತ್ತಾರು ಫೋಟೋ. ಮದುವೆ ಮುಗಿದರೂ ರೋಲು ಮುಗಿಯದೆ ಮೂರೋ ನಾಲ್ಕೋ ಉಳಿದರೆ, ಅವನ್ನು ಎಲ್ಲಾದರೂ ಖರ್ಚು ಮಾಡಿ ಚಿಕ್ಕಮಗಳೂರಿನ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸುವುದು ನಮ್ಮ ಕಸುಬಿನವರೆಲ್ಲರ ರೂಢಿ. ಬೇರೆಯವರು ತಮ್ಮ ಮಕ್ಕಳನ್ನೋ, ಹಿತ್ತಲಿನ ಗುಲಾಬಿಯನ್ನೋ ತೆಗೆದು ರೋಲು ಮುಗಿಸುತ್ತಿದ್ದರು. ನಾನು ಬೀದಿಗಿಳಿಯುತ್ತಿದ್ದೆ. ಬಡವರ ಮುಖ ತೆಗೆಯುವ ಹುಚ್ಚು ಹಿಡಿದಿತ್ತು. ಮದುವೆಮನೆಯ ಒಡವೆ ನೋಡಿ ಬೇಸತ್ತ ಕಣ್ಣಿಗೆ ಇದೇ ನಿಜವಾದ ಫೋಟೋ ಅನ್ನಿಸಿ, ಒಳಗೊಳಗೇ ಬೀಗುತ್ತಿದ್ದೆ.

ಆ ಸಲ ಊರಿನಿಂದ ಆರೇಳು ಮೈಲಿ ಆಚೆಯ ಒಂದು ಎಸ್ಟೇಟಿನಲ್ಲಿ ಯಜಮಾನರ ಮಗಳ ಮದುವೆ. ಕೊನೆಯ ರೋಲಿನಲ್ಲಿ ಮೂರು ಉಳಿದವು. ಮಾರನೆಯ ದಿನ ಬೆಳಿಗ್ಗೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟೆ.

ಕಾಫಿ ಖರೀದಿಸುವ ಅಂಗಡಿಯೊಂದರ ಮುಂದೆ ಲಾರಿಗೆ ಚೀಲ ತುಂಬುತ್ತಿದ್ದರು. ಹಮಾಲಿಗಳು ಕೊಕ್ಕೆ ಹಾಕಿ ಎಳೆದ ಚೀಲದ ತೂತಿನಿಂದ ಒಣಗಿದ ಕಾಫಿ ರಸ್ತೆಗೆ ಉದುರುತ್ತಿತ್ತು. ಅರವತ್ತು ದಾಟಿದ ಒಬ್ಬ ಹೆಂಗಸು ಅಲ್ಲೇ ಕೂತು, ಮಣ್ಣಿನಿಂದ ಒಂದೊಂದೇ ಕಾಳು ಆರಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಸಂತೆಯ ದಿನ. ಜನ ಅವಳ ಬೆರಳನ್ನು ತುಳಿಯದಂತೆ ಕಾಲೆತ್ತಿ ದಾಟಿಕೊಂಡು ಹೋಗುತ್ತಿದ್ದರು. ಅಷ್ಟರಮಟ್ಟಿಗೆ ಒಳ್ಳೆಯವರೇ.

ನಾನು ಕ್ಯಾಮೆರಾ ಎತ್ತಿದೆ ನೋಡಿ, ಎಲ್ಲರಿಗೂ ಅವಳು ಕಂಡಳು. ಹತ್ತು ಹದಿನೈದು ಜನ ಸುತ್ತುವರಿದರು. "ಇದನ್ನೆಂಥ ತೆಗಿತೀಯ ಮಾರಾಯ, ಊರಿನ ಮರ್ಯಾದೆ ಕಳಿಯಕ್ಕಾ?" ಅಂದ ಒಬ್ಬ. "ಸೆರಗು ಸರಿ ಮಾಡ್ಕಳೇ, ಪೇಪರಲ್ಲಿ ಬರುತ್ತೆ" ಅಂದಳು ಒಬ್ಬಳು. ಜೇಬಿನಿಂದ ನಾಣ್ಯ ತೆಗೆದ ಒಬ್ಬ ಮಹಾಶಯ ಅದನ್ನು ಅವಳ ಕೈಯಲ್ಲಿ ಇಡದೆ, ನಾನು ಕ್ಲಿಕ್ ಮಾಡಲೆಂದು ಹಾಗೇ ಹಿಡಿದುಕೊಂಡು ನಿಂತ. ನನಗೆ ಕೋಪ ನೆತ್ತಿಗೇರಿತು. "ಎಲ್ಲ ಆಚೆ ಸರೀರಿ! ಅಡ್ಡ ಬರಬೇಡಿ!" ಎಂದು ಗದರಿದೆ. ಪಕ್ಕದ ಹೋಟೆಲಿನ ಮಾಲೀಕನನ್ನಂತೂ ತೋಳು ಹಿಡಿದೇ ಸರಿಸಿದೆ. ಲಾರಿ ನನ್ನ ಚೌಕಟ್ಟಿಗೆ ಗಲೀಜು ಅನ್ನಿಸಿ, ಅದೂ ಬರದಂತೆ ತೀರ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತೆ.

ಅವಳು ಹೆದರಿದ್ದಳು. "ಸ್ವಾಮಿ, ಈ ಕಾಫಿ ಕೆಳಗೆ ಹಾಕ್ಲಾ?" ಎಂದು ಮಡಿಲಿನ ಗಂಟಿಗೆ ಕೈಹಾಕಿದಳು.

"ಬೇಡಬೇಡ, ಅದೇ ಇರಬೇಕು. ಮಡಿಲು ಸ್ವಲ್ಪ ಈಚೆ ತಿರುಗಿಸು" ಅಂದೆ.

ಅವಳು ತಿರುಗಿಸಿದಳು. ಮೂರೂ ತೆಗೆದೆ. ರೋಲು ಮುಗಿಯಿತು.

ಮದುಮಗಳು ಗಂಡನ ಮನೆಗೆ ಹೊರಡುವ ಮೊದಲು ಫೋಟೋ ಬೇಕೆಂದು ಎಸ್ಟೇಟಿನವರ ಅವಸರ. ಅವಸರದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ತೊಳೆದ ಫೋಟೋಗಳನ್ನು ನನಗೆ ಕಳಿಸದೆ, ಕಂಡಕ್ಟರ್ ಕೈಯಲ್ಲಿ ನೇರ ಎಸ್ಟೇಟಿನ ಗೇಟಿಗೇ ಕೊಡಿಸಲು ಲ್ಯಾಬಿಗೆ ಫೋನು ಮಾಡಿದೆ. ಲ್ಯಾಬಿನವರಿಗೆ ಮದುವೆ ಯಾವುದು, ಬೀದಿ ಯಾವುದು? ಮೂವತ್ತಾರನ್ನೂ ಪ್ರಿಂಟ್ ಹಾಕಿ ಅಲ್ಲಿಗೆ ಕಳಿಸಿದರು. ನೆಗೆಟಿವ್ ಮಾತ್ರ ನನಗೆ ಬಂತು.

ನಾಲ್ಕು ದಿನ ಬಿಟ್ಟು ಎಸ್ಟೇಟಿನ ರೈಟರು ಸ್ಟುಡಿಯೋಗೆ ಬಂದರು. ಲೆಕ್ಕಪತ್ರ, ಆಳುಗಳ ಹಾಜರಿ ನೋಡುವ ಮನುಷ್ಯ. ಕೈಯಲ್ಲಿ ಆ ಹೆಂಗಸಿನ ಫೋಟೋ.

"ಮುಖ ಭಾರಿ ಚೆನ್ನಾಗಿ ಬಂದಿದೆ. ಇದು ನಮ್ಮ ಲೈನಿನ ಹೆಂಗ್ಸು, ಗೊತ್ತಿತ್ತಾ?" ಅಂದರು.

ಗೊತ್ತಿರಲಿಲ್ಲ. ಗಂಡ ಸತ್ತವಳು, ಮಕ್ಕಳಿಲ್ಲ. ಕೈಲಾಗದಿದ್ದರೂ ಹಳಬಳೆಂದು ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಒಂದು ಕೋಣೆ ಬಿಟ್ಟುಕೊಟ್ಟಿದ್ದರು. ಕಾಫಿಗೆ ಬೆಲೆ ಏರಿ, ಕಣದಲ್ಲಿ ಒಣಗಲು ಹಾಕಿದ್ದೂ ಕಳುವಾಗುತ್ತಿದ್ದ ಕಾಲ ಅದು. ಮಡಿಲ ತುಂಬ ಕಾಫಿ ಕಟ್ಟಿಕೊಂಡ ಅವಳ ಫೋಟೋ ಯಜಮಾನರ ಮನೆಯ ಸೋಫಾದ ಮೇಲೆ ಕೈಯಿಂದ ಕೈಗೆ ಹೋಗಿತ್ತು. ಭಾನುವಾರದೊಳಗೆ ಕೋಣೆ ಬಿಡಬೇಕೆಂದು ಅವಳಿಗೆ ಹೇಳಿಯಾಗಿತ್ತು.

ಬಾಗಿಲು ಕೂಡ ಹಾಕದೆ ಹೊರಟೆ. ಯಜಮಾನರು ನನ್ನನ್ನು ಜಗಲಿಯಲ್ಲಿ ಕೂರಿಸಿ ಕಾಫಿ ಕೊಡಿಸಿದರು. "ಆ ಫೋಟೋ ನೋಡಿ ನಮ್ಮ ಮನೆಯವ್ರು ಅತ್ತೇಬಿಟ್ರು ಮಾರಾಯ್ರೆ. ಆಮೇಲೆ ಮಡಿಲು ನೋಡಿದ್ವಿ."

"ಅದು ಲಾರಿಯಿಂದ ಉದುರಿದ್ದು. ನಾನೇ ಕಣ್ಣಾರೆ ನೋಡಿದೀನಿ."

ಅವರು ಫೋಟೋವನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದರು. ದುಷ್ಟರಲ್ಲ ಅವರು. ನಿಜವಾಗಿಯೂ ಹುಡುಕಿದರು. "ಇದರಲ್ಲಿ ಲಾರಿ ಎಲ್ಲಿದೆ ಹೇಳಿ? ನೋಡಿದವ್ರು ಬೇರೆ ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ. ನಂಗೇನು ಅವಳ ಮೇಲೆ ಹಗೆಯಾ?"

ವಾಪಸು ಬಂದು ನೆಗೆಟಿವ್‌ಗಳನ್ನು ಬಲ್ಬಿಗೆ ಹಿಡಿದೆ. ಮೂರರಲ್ಲೂ ಲಾರಿಯ ಚಕ್ರ ಸಹಿತ ಇರಲಿಲ್ಲ. ಒಂದರ ಮೂಲೆಯಲ್ಲಿ ಮಾತ್ರ ಚಪ್ಪಲಿ ಹಾಕಿದ ಒಂದು ಪಾದ. ಹೋಟೆಲಿನವನದು. ಓಡಿದೆ.

"ಚಪ್ಪಲಿ ನಂದೇ ಇರಬಹುದು. ಆದ್ರೆ ನಾನೇನೂ ನೋಡ್ಲಿಲ್ಲಪ್ಪ. ನೀನೇ ಅಲ್ವಾ ತೋಳು ಹಿಡಿದು ಆಚೆ ತಳ್ಳಿದ್ದು?" ಅಂದ.

ಕಾಫಿ ಅಂಗಡಿಯವರು, "ನಮ್ಮ ಬಾಗಿಲಲ್ಲಿ ಕಾಫಿ ಚೆಲ್ಲುತ್ತೆ ಅಂತ ಹೇಳಿದ್ರೆ ಬೆಳೆಗಾರರು ನಮ್ಮ ಹತ್ರ ಬರ್ತಾರಾ?" ಅಂದರು. ಹಮಾಲಿಗಳು ಅವರ ಮುಖ ನೋಡಿದರು. ನಾಣ್ಯ ಹಿಡಿದು ನಿಂತವನು, ಫೋಟೋದಲ್ಲಿ ತಾನು ಬಂದಿದ್ದೇನೆಯೇ ಎಂದು ಕೇಳಿ, ಇಲ್ಲವೆಂದ ಮೇಲೆ ತನ್ನ ದಾರಿ ಹಿಡಿದ. ಎರಡು ದಿನ ಊರೆಲ್ಲ ಸುತ್ತಿದೆ. ಬೈದೆ, ಬೇಡಿಕೊಂಡೆ, ಒಬ್ಬಿಬ್ಬರ ಜೊತೆ ಜಗಳವನ್ನೂ ಮಾಡಿದೆ. ಬಯ್ಯುವಾಗಲೆಲ್ಲ ನನ್ನ ಮಾತು ನನಗೇ ತಿರುಗಿ ಬಡಿಯುತ್ತಿತ್ತು. ಸರಿದುಹೋಗಿ ಎಂದವನು ನಾನೇ.

ಭಾನುವಾರ ಲೈನಿಗೆ ಹೋದಾಗ ಅವಳ ಕೋಣೆಗೆ ಬೀಗ. ಕಳಸದ ಕಡೆ ದೂರದ ನೆಂಟರಿದ್ದಾರಂತೆ, ಬೆಳಗಿನ ಬಸ್ಸಿಗೆ ಹೋದಳು ಅಂದರು ಪಕ್ಕದವರು. ನೆಂಟರ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಹಟಕ್ಕೆ ಬಿದ್ದು ಆ ಫೋಟೋವನ್ನು ದೊಡ್ಡದು ಮಾಡಿಸಿ ಸ್ಟುಡಿಯೋದ ಗಾಜಿನ ಹಿಂದೆ ತೂಗುಹಾಕಿದೆ. ಅವತ್ತು ಅಲ್ಲಿದ್ದೆ ಎಂದು ಯಾರಾದರೊಬ್ಬರು ಬಾಯಿಬಿಡಬಹುದೆಂಬ ಆಸೆ. ಅಲ್ಲಿದ್ದವರೇ ಬಂದು ನಿಂತು ನೋಡಿದರು. ಲೊಚಗುಟ್ಟಿದರು. "ಅಯ್ಯೋ ಪಾಪ" ಅಂದರು. ಹೋಟೆಲಿನವನು, ಎಷ್ಟು ನ್ಯಾಚುರಲ್ ಆಗಿ ತೆಗೆದಿದ್ದೀಯ ಎಂದು ಮೆಚ್ಚಿಕೊಂಡ. ವಾರದೊಳಗೆ ಇಳಿಸಿದೆ. ಹರಿಯಲು ಕೈಬರಲಿಲ್ಲ, ಏಕೆಂದರೆ ಅದು ನಿಜಕ್ಕೂ ಚೆನ್ನಾಗಿತ್ತು. ಇದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ಅದಾಗಿ ಹತ್ತು ವರ್ಷವೇ ಕಳೆದಿರಬೇಕು. ಡಿಜಿಟಲ್ ಕ್ಯಾಮೆರಾ ಬಂದು, ರೋಲು ಮುಗಿಸುವ ಕಾಟ ತಪ್ಪಿತ್ತು. ಕಳಸದಲ್ಲಿ ಒಂದು ಉಪನಯನ ಮುಗಿಸಿ ದೇವಸ್ಥಾನದ ಕೆಳಗಿನ ಬೀದಿಯಲ್ಲಿ ಬರುತ್ತಿದ್ದೆ. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಮಂಡಕ್ಕಿ ತಿನ್ನುತ್ತ ಕೂತಿದ್ದಳು. ಗುರುತು ಹಿಡಿಯಲು ನನಗೆ ಗಳಿಗೆಯೂ ಬೇಕಾಗಲಿಲ್ಲ. ಎಷ್ಟು ಸಲ ನೋಡಿದ ಮುಖ ಅದು! ಕಾಲು ಹಿಡಿದು ಕ್ಷಮೆ ಕೇಳಬೇಕೆಂದು ಹತ್ತು ವರ್ಷ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಮಾತೆಲ್ಲ ನಾಲಿಗೆಗೆ ಬಂತು. ದಾಪುಗಾಲು ಹಾಕಿದೆ. ಹೆಗಲಿನಲ್ಲಿ ಕ್ಯಾಮೆರಾ ಇದೆಯೆಂಬುದು ಮರೆತೇಹೋಗಿತ್ತು.

ಅವಳು ನನ್ನ ಮುಖ ನೋಡಲಿಲ್ಲ, ಕ್ಯಾಮೆರಾ ನೋಡಿದಳು. ತಡಬಡಿಸಿ ಎದ್ದು ನಿಂತಳು. ನಾನು ಬಾಯಿ ತೆರೆಯುವ ಮೊದಲೇ ಮಡಿಲಿನ ಗಂಟು ಬಿಚ್ಚಿ, ಸೀರೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಕೊಡವಿದಳು. ಮಂಡಕ್ಕಿಯೆಲ್ಲ ರಸ್ತೆಗೆ ಬಿತ್ತು.

"ನೋಡಿ ಸ್ವಾಮಿ, ಎಂತದೂ ಇಲ್ಲ" ಅಂದಳು. ಬಾಯಲ್ಲಿದ್ದ ತುತ್ತನ್ನು ಅವಳು ಇನ್ನೂ ಅಗಿದು ಮುಗಿಸಿರಲಿಲ್ಲ.