ಸೈರಾಗುಲ್‌ಳ ಹೆಬ್ಬೆರಳು

ಅಟ್‌ಬಾಶಿ ಎಂಬ ಗುಡ್ಡಗಾಡಿನ ಊರಲ್ಲಿ ಯಾರ ಮನೆಯ ಟಿವಿ ಕೆಟ್ಟರೂ ಜುಮಕದಿರನ ಹೆಸರು ಹೇಳುತ್ತಾರೆ. ಆ ಹೆಸರಿನಲ್ಲಿ ಅರ್ಧ ಅವನ ಹೆಂಡತಿ ಸೈರಾಗುಲ್‌ಗೆ ಸಲ್ಲಬೇಕು. ಸರ್ಕ್ಯೂಟಿನ ಗೆರೆಗಳನ್ನು ನುಣುಪು ಕಾಗದದ ಮೇಲೆ ಮುದ್ರಿಸಿ ತಂದು, ತಾಮ್ರದ ಹಲಗೆಗೆ ಇಸ್ತ್ರಿ ಒತ್ತಿ ಅಂಟಿಸುವುದು ಅವನ ಕೆಲಸ. ಅದನ್ನು ನೀರಲ್ಲಿ ನೆನೆಸಿ, ಗೆರೆ ಏಳದಂತೆ ಕಾಗದವನ್ನಷ್ಟೇ ಉಜ್ಜಿ ತೆಗೆಯುವುದು ಮೂವತ್ತು ವರ್ಷದಿಂದ ಸೈರಾಗುಲ್‌ಳ ಹೆಬ್ಬೆರಳಿನ ಕೆಲಸ. ಆಮೇಲೆ ಹಲಗೆಯನ್ನು ಆಸಿಡ್‌ಗೆ ಹಾಕಿದರೆ ಗೆರೆಗಳ ಅಡಿಯ ತಾಮ್ರವಷ್ಟೇ ಉಳಿದು ಸರ್ಕ್ಯೂಟಾಗುತ್ತದೆ. ಊರಿನವರ ಹೊಗಳಿಕೆ ಮಾತ್ರ ಪೂರ್ತಿ ಇವನಿಗೇ, ಇವನೂ ಬೇಡವೆಂದವನಲ್ಲ.

ಈಗ ಅವಳು ಹಾಸಿಗೆ ಹಿಡಿದಿದ್ದಾಳೆ. ಅವಳಿಗೆ ಆಮ್ಲಜನಕ ಕೊಡುತ್ತಿದ್ದ ಯಂತ್ರದ ಸರ್ಕ್ಯೂಟು ಬೆಳಿಗ್ಗೆ ಕರೆಂಟು ಏರಿಳಿದು ಸುಟ್ಟುಹೋಯಿತು. ಹಿಮ ಬಿದ್ದು ಪಟ್ಟಣದ ದಾರಿ ಮುಚ್ಚಿದೆ. ಮನೆಯಲ್ಲಿರುವುದು ಒಂದೇ ಆಮ್ಲಜನಕದ ಸಿಲಿಂಡರು, ಅದರ ಮಾಪಕದ ಮುಳ್ಳು ಇಳಿಯುತ್ತಲೇ ಇದೆ. ಜುಮಕದಿರ್ ಶಾಲೆಗೆ ಓಡಿ ಸುಟ್ಟ ಸರ್ಕ್ಯೂಟಿನ ಗೆರೆಗಳನ್ನು ಮೂರು ಹಾಳೆಯಲ್ಲಿ ಮುದ್ರಿಸಿ ತಂದ. ಮೊದಲನೆಯದನ್ನು ಹಲಗೆಗೆ ಅಂಟಿಸಿ, ಗಾಬರಿಯಲ್ಲಿ ಕಾಗದ ನೆನೆಯುವ ಮೊದಲೇ ಕಿತ್ತ. ಗೆರೆಗಳೂ ಅದರ ಜೊತೆಗೇ ಎದ್ದುಬಂದವು. ಎರಡನೆಯದೂ ಹಾಗೇ ಹಾಳಾಯಿತು. ಕೊನೆಯ ಹಾಳೆಯನ್ನು ಇಸ್ತ್ರಿ ಮಾಡಿ ಬೋಗುಣಿಯ ನೀರಿಗೆ ಹಾಕಿದವನೇ ಅದರ ಅಂಚಿಗೂ ಉಗುರು ಹಾಕಿದ.

“ಬೋಗುಣಿ ಇಲ್ಲಿ ತಾ ಮುದುಕಾ,” ಅಂದಳು ಸೈರಾಗುಲ್. “ಆ ಕೈಲಿ ಕುರಿ ಉಣ್ಣೆ ಕತ್ತರಿಸು. ಇದನ್ನ ಮುಟ್ಬೇಡ.”

ಅವಳ ಹೆಬ್ಬೆರಳು ನಿಧಾನವಾಗಿ ಆಡಿತು. ಕಾಗದ ಸಣ್ಣ ಸಣ್ಣ ಉಂಡೆಯಾಗಿ ಬಿಟ್ಟುಕೊಂಡಿತು. ಒದ್ದೆಯಿದ್ದಾಗ ಎಲ್ಲವೂ ಸ್ವಚ್ಛವಾಗಿಯೇ ಕಾಣುತ್ತದೆ, ಒಣಗಿದ ಮೇಲೆಯೇ ಉಳಿದ ಕಾಗದ ಬೆಳ್ಳಗೆ ತೋರುವುದು. ಎಂದಿನಂತೆ ಊದಿ ಒಣಗಿಸಲು ಅವಳು ಹಲಗೆಯನ್ನು ಬಾಯಿಯ ಬಳಿ ತಂದಳು. ಊದಲು ಉಸಿರೇ ಇರಲಿಲ್ಲ.

ಜುಮಕದಿರ್ ಬಾಗಿ ತಾನೇ ಊದಿದ. ಎರಡು ಗೆರೆಗಳ ನಡುವೆ ಬಿಳಿಯ ಎಳೆಯೊಂದು ಕಂಡಿತು.

“ಇಷ್ಟು ಸಾಕು ಬಿಡೇ, ಟೈಮಿಲ್ಲ! ಹಿಂಗೇ ಆಸಿಡ್‌ಗೆ ಹಾಕ್ಬಿಡ್ತೀನಿ.”

“ಕಾಗದದ ಅಡಿ ತಾಮ್ರ ಉಳ್ಕೊಳ್ಳತ್ತೆ. ಗೆರೆಗೆ ಗೆರೆ ಕೂಡಿ ಇದೂ ಸುಡತ್ತೆ. ಬೇರೆ ಹಾಳೆ ಇಲ್ಲ. ಆಮೇಲೇನು, ನನ್ನೇ ಇಸ್ತ್ರಿ ಮಾಡ್ತೀಯಾ?”

ಅವನು ಸಿಲಿಂಡರಿನ ಕಡೆ ನೋಡಿದ. ಮುಳ್ಳು ಕೆಂಪಿಗೆ ಬಂದಿತ್ತು. ಅವನ ನೋಟ ಹೋದ ಕಡೆಗೇ ಕೈ ಚಾಚಿ ಸೈರಾಗುಲ್ ಸಿಲಿಂಡರಿನ ತಿರುಪು ತಿರುಗಿಸಿ ಆಮ್ಲಜನಕವನ್ನು ಅರ್ಧಕ್ಕೆ ಇಳಿಸಿದಳು. ತುಟಿ ನೀಲಿಗಟ್ಟತೊಡಗಿತು.

“ಈಗ... ಟೈಮಿದೆ. ಇನ್ನೊಂದ್ಸಲ ನೆನೆಹಾಕು.”

ಜುಮಕದಿರ್ ಹಲಗೆಯನ್ನು ನೀರಿಗಿಳಿಸಿದ. ಅವಳ ಎದುರೇ ಕೂತು ಅಳುತ್ತಾ ಕಾದ. ಈ ಸಲ, ಕಾಗದ ಮೆತ್ತಗಾಗುವವರೆಗೂ ಅವನು ಕೈ ಹಾಕಲಿಲ್ಲ.